ಚಳಿಗಾಲಕ್ಕೆ ನಿಲ್ಲಿಸಿದ ಆರ್‌ವಿ: ವಾಲ್ವ್ ತೆರೆದಿರಬೇಕೆ, ಮುಚ್ಚಿರಬೇಕೆ?

ಮಿಷಿಗನ್, ಮಿನೆಸೋಟ, ವಿಸ್ಕಾನ್ಸಿನ್ ಕಡೆ ಅಕ್ಟೋಬರ್ ಬಂತೆಂದರೆ ಆರ್‌ವಿ ಇಟ್ಟುಕೊಂಡವರಿಗೆ ಒಂದು ದೊಡ್ಡ ಕೆಲಸ ಕಾದಿರುತ್ತದೆ. ಬೇಸಿಗೆಯಲ್ಲಿ ಯೆಲ್ಲೋಸ್ಟೋನ್, ಬ್ಯಾಡ್‌ಲ್ಯಾಂಡ್ಸ್ ಸುತ್ತಿ ಬಂದ ಗಾಡಿಯನ್ನು ಹಿಮ ಕರಗುವ ತನಕ ನಿಲ್ಲಿಸಿಡಬೇಕು. ಆ ಕಡೆ ನೆಲೆಸಿ ಆರ್‌ವಿ ಕೊಂಡ ಕನ್ನಡಿಗರಿಗೂ ಈ ಕೆಲಸ ತಪ್ಪಿದ್ದಲ್ಲ. ಬ್ಯಾಟರಿ, ಟೈರ್‌ಗಳ ಬಗ್ಗೆ ಎಲ್ಲರೂ ಕೇಳಿ ತಿಳಿದುಕೊಳ್ಳುತ್ತಾರೆ. ಗಾಡಿಯಡಿಯ ಕೊಳಕು ನೀರಿನ ಟ್ಯಾಂಕಿನ ಮಾತೆತ್ತಲು ಮಾತ್ರ ಮುಜುಗರ. ಅದಕ್ಕೇ ಈ ವಿಷಯದಲ್ಲಿ ಬಾಯಿಂದ ಬಾಯಿಗೆ ಬಂದ ತಪ್ಪು ಸಲಹೆಗಳು ವರ್ಷಗಟ್ಟಲೆ ಹಾಗೇ ಉಳಿದುಬಿಟ್ಟಿವೆ.

ಮೊದಲು ಗಾಡಿಯಡಿ ಏನಿದೆ ಎಂದು ನೋಡೋಣ. ಶೌಚಾಲಯದ್ದೆಲ್ಲ ಬೀಳುವುದು ಬ್ಲ್ಯಾಕ್ ಟ್ಯಾಂಕಿಗೆ. ಅನೇಕ ಗಾಡಿಗಳಲ್ಲಿ ಅದು 30ರಿಂದ 40 ಗ್ಯಾಲನ್, ಅಂದರೆ ಸುಮಾರು 115ರಿಂದ 150 ಲೀಟರ್ ಹಿಡಿಯುತ್ತದೆ. ಸಿಂಕು, ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಎರಡಕ್ಕೂ ಬೇರೆ ಬೇರೆ ವಾಲ್ವ್. ಬ್ಲ್ಯಾಕ್‌ನದು ಸಾಮಾನ್ಯವಾಗಿ 3 ಇಂಚು, ಗ್ರೇಯದು ಒಂದೂವರೆ ಇಂಚು. ಒಳಗೆ ಎರಡು ರಬ್ಬರ್ ಸೀಲುಗಳ ನಡುವೆ ತೆಳುವಾದ ಬ್ಲೇಡ್ ಹಿಂದೆಮುಂದೆ ಸರಿಯುತ್ತದೆ. ಹಿಡಿ ಹೊರಗೆಳೆದರೆ ತೆರೆಯುತ್ತದೆ, ಒಳಗೆ ತಳ್ಳಿದರೆ ಮುಚ್ಚುತ್ತದೆ. ವಾಲ್ವ್ ದಾಟಿದ ಮೇಲೆ ಎರಡೂ ಕೊಳವೆಗಳು ಕೂಡಿಕೊಂಡು ಒಂದೇ ಬಾಯಿಗೆ ಬರುತ್ತವೆ. ಆ ಬಾಯಿಗೆ ತಿರುಗಿಸಿ ಹಾಕುವ ಮುಚ್ಚಳ. ಎರಡು ಟ್ಯಾಂಕಿಗೂ ಬಾಯಿ ಒಂದೇ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಪ್ಪು ಕಲ್ಪನೆ: ವಾಲ್ವ್ ತೆರೆದಿಟ್ಟರೆ ಟ್ಯಾಂಕಿಗೆ ಗಾಳಿಯಾಡುತ್ತದೆ, ವಾಸನೆ ಹಿಡಿಯುವುದಿಲ್ಲ

ಟ್ಯಾಂಕಿಗೆ ಗಾಳಿ ಸಿಗುವುದು ಚಾವಣಿಗೆ ಹೋಗುವ ವೆಂಟ್ ಕೊಳವೆಯಿಂದ. ಕೆಳಗಿನ ವಾಲ್ವ್‌ಗೂ ಅದಕ್ಕೂ ಸಂಬಂಧವಿಲ್ಲ. ಕೆಳಗೆ ಮುಚ್ಚಳ ಹಾಕಿದ್ದರೆ ವಾಲ್ವ್ ತೆರೆದಿಟ್ಟರೂ ಹೊರಗಿನ ಗಾಳಿ ಬರುವುದಿಲ್ಲ. ಹಾಗಾದರೆ ಮುಚ್ಚಳವನ್ನೂ ತೆಗೆದುಬಿಡೋಣ ಎನ್ನುವವರಿದ್ದಾರೆ. ಇಲಿಗೂ ಕಣಜಕ್ಕೂ ಅದಕ್ಕಿಂತ ಸಲೀಸಾದ ದಾರಿ ಬೇರೆ ಬೇಡ.

ನಿಜವಾದ ಅಪಾಯ ಇದಕ್ಕಿಂತ ದೊಡ್ಡದು. ಮುಚ್ಚಳ ಹಾಕಿ ಎರಡೂ ವಾಲ್ವ್ ತೆರೆದಿಟ್ಟರೆ ಆ ಜಂಟಿ ಕೊಳವೆಯ ಮೂಲಕ ಎರಡು ಟ್ಯಾಂಕುಗಳು ಒಂದಾಗಿಬಿಡುತ್ತವೆ. ಬ್ಲ್ಯಾಕ್ ಟ್ಯಾಂಕಿನಲ್ಲಿ ಉಳಿದ ದ್ರವ, ಅದರ ಅನಿಲ ಎಲ್ಲಕ್ಕೂ ಗ್ರೇ ಟ್ಯಾಂಕಿಗೆ ಹಾದಿ ಸಿಗುತ್ತದೆ. ಗ್ರೇ ಟ್ಯಾಂಕಿನ ಮೇಲಿರುವುದು ನೀವು ಪಾತ್ರೆ ತೊಳೆಯುವ ಸಿಂಕು. ಸಿಂಕಿನಡಿಯ ಬಾಗು ಕೊಳವೆಯಲ್ಲಿ ನಿಂತ ಒಂದಿಷ್ಟು ನೀರೇ ಆ ಅನಿಲವನ್ನು ತಡೆಯುವುದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಆರಿಹೋಗುತ್ತದೆ. ಆಮೇಲೆ ಅಡುಗೆಮನೆಗೂ ಬ್ಲ್ಯಾಕ್ ಟ್ಯಾಂಕಿಗೂ ನಡುವೆ ತಡೆ ಎನ್ನುವುದೇ ಇರುವುದಿಲ್ಲ. ಟ್ಯಾಂಕಿನ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಕ್ಕಳು ಮಲಗುವ ಗಾಡಿ ಅದು.

ಇನ್ನೊಂದು ಮಾತು. ವಾಲ್ವ್ ತೆರೆದಾಗ ಅದರ ಸರಳು ಗಾಡಿಯಿಂದ ಆಚೆ ಚಾಚಿಕೊಂಡಿರುತ್ತದೆ. ಚಳಿಗಾಲವಿಡೀ ಅದರ ಮೇಲೆ ಕೆಸರು, ಹಿಮ, ರಸ್ತೆಗೆ ಚೆಲ್ಲಿದ ಉಪ್ಪು ಕೂರುತ್ತವೆ. ವಸಂತದಲ್ಲಿ ಒಳಗೆ ತಳ್ಳಿದಾಗ ಆ ಕೊಳೆಯೆಲ್ಲ ಸೀಲಿನ ಮೇಲೆಯೇ ಉಜ್ಜುತ್ತದೆ.

ತಪ್ಪು ಕಲ್ಪನೆ: ಮುಚ್ಚಿಟ್ಟರೆ ಉಳಿದ ನೀರು ಹೆಪ್ಪುಗಟ್ಟಿ ವಾಲ್ವ್ ಒಡೆಯುತ್ತದೆ

ತೆರೆದಿಡುವವರು ಹೇಳುವುದರಲ್ಲಿ ಹುರುಳಿರುವ ಮಾತು ಇದೊಂದೇ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಖಾಲಿ ಟ್ಯಾಂಕಿನ ತಳದಲ್ಲಿ ಒಂದಿಷ್ಟು ನೀರಿದ್ದರೆ ಅದು ಮೇಲಕ್ಕೆ ಹಿಗ್ಗಲು ಜಾಗವಿರುತ್ತದೆ, ಟ್ಯಾಂಕ್ ಒಡೆಯುವುದಿಲ್ಲ. ಇಕ್ಕಟ್ಟಿರುವುದು ಬ್ಲೇಡ್ ಕೂರುವ ಸಂದಿಯಲ್ಲಿ, ಸಿಂಕಿನಡಿಯ ಬಾಗಿನಲ್ಲಿ. ಆದರೆ ವಾಲ್ವ್ ತೆರೆದಿಟ್ಟರೆ ಆ ನೀರು ಮಾಯವಾಗುವುದಿಲ್ಲ. ಟ್ಯಾಂಕಿನಿಂದ ಇಳಿದು, ಗಾಳಿಗೆ ಒಡ್ಡಿಕೊಂಡು ತೂಗುವ ಹೊರಗಿನ ಕೊಳವೆಯಲ್ಲಿ, ಮುಚ್ಚಳದ ಹಿಂದೆ ಹೋಗಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಮುಚ್ಚಳ ತೆಗೆದವರ ಬೂಟಿನ ಮೇಲೆ ಬೀಳುವುದು ಅದೇ.

ಇದಕ್ಕೆ ಪರಿಹಾರ ಆರ್‌ವಿ ಆಂಟಿಫ್ರೀಜ್, ಅಂಗಡಿಯಲ್ಲಿ ಸಿಗುವ ಗುಲಾಬಿ ಬಣ್ಣದ್ದು. ಡಂಪ್ ಸ್ಟೇಷನ್‌ನಲ್ಲಿ ಮೊದಲು ಬ್ಲ್ಯಾಕ್ ಖಾಲಿ ಮಾಡಿ, ಶುದ್ಧ ನೀರು ಬಿಟ್ಟು ಹೊರಬರುವ ನೀರು ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ ಗ್ರೇ ಬಿಡಿ, ಅದರ ಸೋಪು ನೀರಿನಿಂದ ಮೆದುಗೊಳವೆಯೂ ತೊಳೆದುಹೋಗುತ್ತದೆ. ತೊಳೆಯುತ್ತಿರುವಾಗಲೇ ವಾಲ್ವ್ ಅನ್ನು ಎರಡು ಮೂರು ಸಲ ತೆರೆದು ಮುಚ್ಚಿ. ಬ್ಲೇಡ್ ಹೋಗಿ ಕೂರುವ ಆ ಸಣ್ಣ ಸಂದಿಯ ಒಳತುದಿಯಲ್ಲಿ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹಿಡಿ ತುದಿಯವರೆಗೆ ಹೋದಂತೆ ಕಂಡರೂ ಒಳಗೆ ಕೂದಲೆಳೆಯಷ್ಟು ಬಿರುಕು ಉಳಿದು, ಚಳಿಗಾಲವಿಡೀ ತೊಟ್ಟಿಕ್ಕುತ್ತಲೇ ಇರುತ್ತದೆ. ಎರಡೂ ಹಿಡಿಗಳನ್ನು ತಳ್ಳಿ ಮುಚ್ಚಿ. ಕೆಳಗೆ ಬಕೆಟ್ ಇಟ್ಟು ಹೊರಗಿನ ಕೊಳವೆಯ ನೀರು ಇಳಿದ ಮೇಲೆ ಮುಚ್ಚಳ ಹಾಕಿ. ಕೊನೆಗೆ ಶೌಚಾಲಯದಲ್ಲಿ, ಪ್ರತಿ ಸಿಂಕಿನಲ್ಲಿ, ಸ್ನಾನದ ಜಾಗದಲ್ಲಿ ಆಂಟಿಫ್ರೀಜ್ ಸುರಿಯಿರಿ. ಬಾಗು ಕೊಳವೆಗಳು ತುಂಬಿ, ಟ್ಯಾಂಕಿಗೆ ಒಂದೆರಡು ಲೀಟರ್ ಇಳಿದು ಬ್ಲೇಡನ್ನು ಮುಟ್ಟಬೇಕು. ಶೌಚಾಲಯದ ಬೋಗುಣಿಯಲ್ಲೂ ಒಂದಿಷ್ಟು ನಿಲ್ಲಿಸಿ. ಅಲ್ಲಿನ ರಬ್ಬರ್ ಸೀಲ್ ಒಣಗಿದರೆ ಬಿರಿಯುತ್ತದೆ.

ಕುಡಿಯುವ ನೀರಿನ ಸಾಲಿಗೂ ಆಂಟಿಫ್ರೀಜ್ ಬೇಕು. ಆದರೆ ಅದಕ್ಕೆ ಮುನ್ನ ವಾಟರ್ ಹೀಟರ್ ತಣ್ಣಗಾಗಲು ಬಿಟ್ಟು, ಖಾಲಿ ಮಾಡಿ, ಬೈಪಾಸ್‌ಗೆ ತಿರುಗಿಸಿ. ಇಲ್ಲದಿದ್ದರೆ 6 ಗ್ಯಾಲನ್‌ನ ಹೀಟರ್ ತುಂಬಲು ಅಷ್ಟೇ ಆಂಟಿಫ್ರೀಜ್ ವ್ಯರ್ಥ.

ತಪ್ಪು ಕಲ್ಪನೆ: ಆಂಟಿಫ್ರೀಜ್ ಯಾವುದಾದರೇನು

ಖಂಡಿತ ಹಾಗಲ್ಲ. ಕಾರಿನ ರೇಡಿಯೇಟರಿಗೆ ಹಾಕುವುದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್. ಅದು ವಿಷ. ರುಚಿಗೆ ಸಿಹಿಯಾದ್ದರಿಂದ ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ನಾಯಿಗಳು ಸಾಯುತ್ತವೆ. ಆರ್‌ವಿಗೆ ಬೇಕಾದ್ದು ಪ್ರೊಪಿಲೀನ್ ಗ್ಲೈಕಾಲ್. ಅಗ್ಗದ ಕೆಲವು ಗುಲಾಬಿ ಡಬ್ಬಿಗಳಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ರಬ್ಬರಿಗೆ ಒಳ್ಳೆಯದಲ್ಲ. ಆದ್ದರಿಂದ ಬಣ್ಣ ನೋಡಿ ಕೊಳ್ಳಬೇಡಿ, ಲೇಬಲ್ ಓದಿ. ಡಬ್ಬಿಯ ಮೇಲಿನ ಮೈನಸ್ 50 ಫ್ಯಾರನ್‌ಹೀಟ್ ಎಂದರೆ ಅಷ್ಟು ಚಳಿಯವರೆಗೆ ಕೊಳವೆ ಒಡೆಯದು ಎಂದು. ಅದಕ್ಕಿಂತ ಎಷ್ಟೋ ಮೊದಲೇ ದ್ರವ ಅಂಬಲಿಯಂತೆ ಮಂದವಾಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಉಳಿದ ನೀರಿನೊಂದಿಗೆ ಬೆರೆತರೆ ಮಾತ್ರ ಅದರ ಬಲ ಕುಗ್ಗುತ್ತದೆ, ಅದಕ್ಕೇ ಮೊದಲು ಟ್ಯಾಂಕ್ ಖಾಲಿ ಮಾಡಬೇಕು ಎನ್ನುವುದು.

ತಪ್ಪು ಕಲ್ಪನೆ: ಕ್ಯಾಂಪ್‌ಗ್ರೌಂಡಿನಲ್ಲಿ ಒಳಚರಂಡಿ ಸಂಪರ್ಕವಿದ್ದರೆ ಬ್ಲ್ಯಾಕ್ ವಾಲ್ವ್ ತೆರೆದೇ ಇರಲಿ

ಮನೆಯ ಶೌಚಾಲಯದ ಅಭ್ಯಾಸದಿಂದ ಬಂದ ನಂಬಿಕೆ ಇದು. ಮನೆಯಲ್ಲಿ ಪ್ರತಿ ಸಲವೂ ಸಾಕಷ್ಟು ನೀರು ರಭಸವಾಗಿ ಹರಿದು ಎಲ್ಲವನ್ನೂ ಹೊತ್ತೊಯ್ಯುತ್ತದೆ. ಆರ್‌ವಿಯಲ್ಲಿ ಬಳಸುವ ನೀರು ಬಹಳ ಕಡಿಮೆ. ವಾಲ್ವ್ ತೆರೆದಿದ್ದರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ಶೌಚಾಲಯದ ಕೆಳಗೇ ಗುಡ್ಡೆಯಾಗಿ ಒಣಗುತ್ತದೆ. ಅಕ್ಟೋಬರ್‌ನಲ್ಲಿ ಎಷ್ಟು ತೊಳೆದರೂ ಅದು ಕದಲುವುದಿಲ್ಲ. ಚಳಿಗಾಲದ ವಾಸನೆಯ ದೂರುಗಳ ಮೂಲ ಹುಡುಕಹೊರಟರೆ ಎಷ್ಟೋ ಸಲ ಈ ಬೇಸಿಗೆಯ ಅಭ್ಯಾಸವೇ ಕೈಗೆ ಸಿಗುತ್ತದೆ. ಟ್ಯಾಂಕ್ ಮೂರನೇ ಎರಡರಷ್ಟು ತುಂಬುವ ತನಕ ಮುಚ್ಚಿಟ್ಟು, ಒಮ್ಮೆಲೇ ಬಿಡಿ. ಆ ರಭಸವೇ ಟ್ಯಾಂಕನ್ನು ತೊಳೆಯುತ್ತದೆ. ಈಗಾಗಲೇ ಗುಡ್ಡೆ ಕಟ್ಟಿದ್ದರೆ ವಾಲ್ವ್ ಮುಚ್ಚಿ, ನೀರು ತುಂಬಿ, ಒಂದೆರಡು ದಿನ ನೆನೆಯಲು ಬಿಟ್ಟು ಹೊರಬಿಡಿ. ಕರಗುವ ತನಕ ಮತ್ತೆ ಮತ್ತೆ ಹಾಗೇ ಮಾಡಬೇಕು. ಮಂಜುಗಡ್ಡೆ ಚೀಲಗಳನ್ನು ಸುರಿದು ಗಾಡಿ ಓಡಿಸಿದರೆ ಉಜ್ಜಿ ತೊಳೆಯುತ್ತದೆ ಎನ್ನುವ ಸಲಹೆಯನ್ನು ನಂಬಬೇಡಿ. ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ಕೊಳೆ ಅಂಟಿರುವುದು ತಳದಲ್ಲಿ. ಗೋಡೆಯ ದೀಪ ಟ್ಯಾಂಕ್ ತುಂಬಿದೆ ಎನ್ನುವುದನ್ನೂ ಪೂರ್ತಿ ನಂಬುವಂತಿಲ್ಲ. ಸೆನ್ಸರ್ ಮೇಲೆ ಒದ್ದೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕೂ ತುಂಬಿದಂತೆಯೇ ಕಾಣುತ್ತದೆ.

ತಪ್ಪು ಕಲ್ಪನೆ: ವಸಂತದಲ್ಲಿ ಹಿಡಿ ಬಿಗಿಯಾಗಿದ್ದರೆ ಜೋರಾಗಿ ಎಳೆದರಾಯಿತು

ಜೋರಾಗಿ ಎಳೆದರೆ ಸರಳು ಬಾಗುತ್ತದೆ, ಇಲ್ಲವೇ ಹಿಡಿ ಕಿತ್ತು ಕೈಗೆ ಬರುತ್ತದೆ. ಒಳಗಿನ್ನೂ ಹಿಮವಿದ್ದರೆ ಹೇರ್ ಡ್ರೈಯರ್‌ನಿಂದ ನಿಧಾನಕ್ಕೆ ಬಿಸಿ ತಾಗಿಸಿ. ಉರಿಯುವ ಜ್ವಾಲೆಯನ್ನು ಮಾತ್ರ ಹತ್ತಿರಕ್ಕೂ ತರಬೇಡಿ. ಹಿಮವಿಲ್ಲದೆಯೂ ಬಿಗಿಯಾಗಿದ್ದರೆ ಸರಳಿಗೆ ಸಿಲಿಕೋನ್ ಹಚ್ಚಿ ಸ್ವಲ್ಪ ಸ್ವಲ್ಪವೇ ಆಡಿಸಿ. ಆಗಲೂ ಜಗ್ಗದಿದ್ದರೆ ವಾಲ್ವ್ ಬದಲಾಯಿಸುವುದು ಹೆಚ್ಚು ಕಷ್ಟದ ಕೆಲಸವಲ್ಲ. ಸಾಮಾನ್ಯ ಮಾದರಿಗಳಲ್ಲಿ ನಾಲ್ಕು ಬೋಲ್ಟ್ ಬಿಚ್ಚಿದರೆ ಅದು ಎರಡು ಕೊಳವೆಗಳ ನಡುವಿನಿಂದ ಸರಿದು ಬರುತ್ತದೆ. ಟ್ಯಾಂಕ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಕೈಗವಸು ಹಾಕಿ, ಹೊಸ ವಾಲ್ವ್ ಜೊತೆಗೆ ಎರಡೂ ಸೀಲುಗಳನ್ನು ಹೊಸದಾಗಿ ಕೂರಿಸಿ. ಸೀಲ್ ತನ್ನ ಸಂದಿಯಿಂದ ಒಂದಿಷ್ಟು ಹೊರಬಂದಿದ್ದರೂ ಬೋಲ್ಟ್ ಬಿಗಿಯುವಾಗ ಮಡಚಿಕೊಂಡು ಸೋರುತ್ತದೆ. ಬಿಗಿದ ಮೇಲೆ ಟ್ಯಾಂಕಿಗೆ ಮೊದಲು ಶುದ್ಧ ನೀರು ತುಂಬಿ, ಕೆಳಗೆ ಒಣ ಕಾಗದ ಹಾಸಿ, ಒಂದು ರಾತ್ರಿ ಬಿಟ್ಟು ನೋಡಿ.