ರಿಂಗಿನ ಬಾಯಿ ಎಷ್ಟು ತೆರೆದಿರಬೇಕು?

ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್ ಊರಿನ ಮಗ್ಗುಲಲ್ಲೇ ಪೈನ್ ಮರಗಳ ಗುಡ್ಡಸಾಲೊಂದಿದೆ. ಸುಮಾರು 1,50,000 ವರ್ಷಗಳ ಹಿಂದೆ ಉತ್ತರದಿಂದ ಸರಿದು ಬಂದ ಹಿಮರಾಶಿ ಒತ್ತಿ ಎಬ್ಬಿಸಿದ ಮರಳು, ಜಲ್ಲಿಯ ದಿಬ್ಬ ಅದು. ಮರಳೂ ಮರವೂ ಕೂಡಿರುವ ಇಂಥ ನೆಲದಲ್ಲಿ ಚೈನ್‌ಸಾ ಎಂಜಿನ್ನಿನ ಪಿಸ್ಟನ್ ರಿಂಗು ಬೇಗ ಸವೆಯುತ್ತದೆ. ಕಂಪ್ರೆಷನ್ ಇಳಿದ ಕೂಡಲೇ ಹೊಸ ರಿಂಗು ತಂದು ತೊಡಿಸಿಬಿಡುವುದು ರೂಢಿ. ಆದರೆ ರಿಂಗಿನ ತುದಿಗಳ ನಡುವಿನ ಅಂತರ ಅಳೆಯದೆ, ಹಳೆಯದು ಸವೆದ ಕಾರಣ ಹುಡುಕದೆ ಹಾಕಿದ ರಿಂಗು ದುಡ್ಡು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1852ರಲ್ಲಿ ರೂಪಿಸಿದ ಸೀಳು ಲೋಹದ ರಿಂಗೇ ಇಂದಿನ ರಿಂಗಿನ ಮೂಲ. ಅದು ತನ್ನ ಸ್ಪ್ರಿಂಗ್ ಬಲದಿಂದಲೇ ಸಿಲಿಂಡರ್ ಗೋಡೆಯನ್ನು ಒತ್ತಿ ಹಿಡಿಯುತ್ತದೆ ಎಂದು ತಿಳಿಯುವವರು ಬಹಳ. ಆ ಬಲ ಅಲ್ಪ. ಒತ್ತುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಉರಿಯುವ ಅನಿಲವೇ. ಅದು ಪಿಸ್ಟನ್ನಿನಲ್ಲಿ ರಿಂಗು ಕೂರುವ ತೋಡಿನ ಸಂದಿನಿಂದ ರಿಂಗಿನ ಬೆನ್ನ ಹಿಂದೆ ನುಗ್ಗಿ ರಿಂಗನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದಲೇ ತೋಡಿನಲ್ಲಿ ಕಾರ್ಬನ್ ಗಟ್ಟಿಯಾಗಿ ರಿಂಗು ಅಂಟಿಕೊಂಡರೆ, ರಿಂಗು ಎಷ್ಟೇ ಹೊಸದಾಗಿದ್ದರೂ ಕಂಪ್ರೆಷನ್ ಬರುವುದಿಲ್ಲ. ಅನುಭವಸ್ಥ ಮೆಕ್ಯಾನಿಕ್‌ಗಳು ಹಳೆಯ ರಿಂಗನ್ನು ಮುರಿದು, ಅದರ ತುದಿಯನ್ನು ಚೌಕವಾಗಿ ಮಸೆದು, ಅದರಿಂದಲೇ ತೋಡನ್ನು ಕೆರೆದು ಶುಚಿ ಮಾಡುತ್ತಾರೆ. ತೋಡಿನ ಅಗಲಕ್ಕೆ ಅದರಷ್ಟು ಸರಿಹೊಂದುವ ಸಲಕರಣೆ ಬೇರೊಂದಿಲ್ಲ. ತೋಡಿನೊಳಗಿನ ಪುಟ್ಟ ಪಿನ್ನಿಗೆ ರಿಂಗಿನ ಎರಡು ತುದಿಗಳೂ ಸರಿಯಾಗಿ ಕೂರಬೇಕು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ರಿಂಗು ತಿರುಗಿ ಅದರ ತುದಿ ಕಿಂಡಿಯ ಎದುರಿಗೆ ಬಂದರೆ ಹೊರಕ್ಕೆ ಚಾಚಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ.

ಇನ್ನು ರಿಂಗಿನ ಬಾಯಿ. ರಿಂಗನ್ನೊಂದನ್ನೇ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ಒಳಕ್ಕೆ ತಳ್ಳಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. 45 ಮಿ.ಮೀ. ಬೋರಿಗೆ ಸುಮಾರು 0.18 ಮಿ.ಮೀ. ಎಂಬುದು ಬಳಕೆಯ ಲೆಕ್ಕ. ಸಂದು ಇದ್ದರೆ ಅನಿಲ ಸೋರುವುದಿಲ್ಲವೇ, ಇಲ್ಲದಿದ್ದರೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಆ ರಿಂಗಿನ ಸುತ್ತಳತೆ 141 ಮಿ.ಮೀ.; ಎರಕದ ಕಬ್ಬಿಣ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಅಷ್ಟು ಉದ್ದ ಸುಮಾರು 0.15 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಸಿಲಿಂಡರೂ ಹಿಗ್ಗುವುದು ನಿಜ. ಆದರೆ ಅದನ್ನು ಗಾಳಿ ತಣಿಸುತ್ತಿರುತ್ತದೆ, ರಿಂಗು ಅದಕ್ಕಿಂತ ಮೊದಲೇ ಕಾದಿರುತ್ತದೆ. ಜಾಗವಿಲ್ಲದೆ ತುದಿಗಳು ಪರಸ್ಪರ ಗುದ್ದಿಕೊಂಡರೆ ರಿಂಗು ಗೋಡೆಯನ್ನೇ ಗೀರುತ್ತದೆ. ಸೋರಿಕೆಯ ಮಾತು ಹೇಳುವುದಾದರೆ, ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಪಿಸ್ಟನ್ ಮೇಲೇರಲು ಹಿಡಿಯುವ ಸಮಯ ಸೆಕೆಂಡಿನ 400ನೇ ಒಂದು ಪಾಲು. ಅಷ್ಟರಲ್ಲಿ ಕೂದಲೆಳೆಯ ಸಂದಿನಲ್ಲಿ ಹೆಚ್ಚೇನೂ ಹೋಗದು. ಹಗ್ಗ ಎಳೆದು ನಿಧಾನವಾಗಿ ತಿರುಗಿಸುವಾಗ ಮಾತ್ರ ಸವೆದು ಅಗಲವಾದ ಸಂದು ಧಾರಾಳವಾಗಿ ಸೋರುತ್ತದೆ. ಸ್ಟಾರ್ಟ್ ಆಗಲು ಸತಾಯಿಸುವ ಗರಗಸ ಒಮ್ಮೆ ಹೊತ್ತಿಕೊಂಡ ಮೇಲೆ ಚೆನ್ನಾಗಿಯೇ ಓಡುವುದು ಇದರಿಂದ. ಜನ ಸವೆತವನ್ನು ಕಡೆಗಣಿಸುವುದೂ ಇದರಿಂದಲೇ.

ರಿಂಗು ಅಗ್ಗ, ಸವೆದಂತೆಲ್ಲ ಬದಲಾಯಿಸಿದರಾಯಿತು ಎಂಬ ವಾದ ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಯೆಜ್ಡಿ ಬೈಕಿನ ಕಾಲಕ್ಕೆ ಸ್ವಲ್ಪ ಒಪ್ಪುತ್ತಿತ್ತು. ಅದರ ಎರಕದ ಕಬ್ಬಿಣದ ಸಿಲಿಂಡರ್ ಸವೆದರೆ ರೀಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದಿತ್ತು. ಇಂದಿನ ಒಳ್ಳೆಯ ಚೈನ್‌ಸಾಗಳದ್ದು ಅಲ್ಯೂಮಿನಿಯಂ ಗೋಡೆಯ ಮೇಲೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪ. ಏರ್ ಫಿಲ್ಟರ್ ದಾಟಿ ಒಳಬರುವ ಮರಳಿನ ಕಣ ರಿಂಗಿಗಿಂತ ಗಟ್ಟಿ, ಹಾಗಾಗಿ ಮೊದಲು ಸವೆಯುವುದು ರಿಂಗು. ಆದರೆ ಲೇಪವೂ ಕಿತ್ತು ಅಲ್ಯೂಮಿನಿಯಂ ಕಂಡರೆ ರೀಬೋರಿನ ದಾರಿ ಇಲ್ಲ, ಹೊಸ ರಿಂಗೂ ಉಳಿಯದು. ಬ್ಯಾಟರಿ ಗರಗಸ ಬರುತ್ತಿರುವಾಗ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಹಿತ್ತಿಲ ಕೊಂಬೆ ಕಡಿಯಲು ಬ್ಯಾಟರಿಯೇ ಲೇಸು. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನಡುವೆ ದಿನವಿಡೀ ಸಿಲ್ವರ್ ಓಕ್ ಕೊಯ್ಯುವವರಿಗೆ ಚಾರ್ಜ್ ಮಾಡಲು ಕರೆಂಟ್ ಎಲ್ಲಿದೆ? ಅವರ ಕೈಯಲ್ಲಿರುವ ಪೆಟ್ರೋಲ್ ಯಂತ್ರ ಇನ್ನೂ ಬಹುಕಾಲ ದುಡಿಯಬೇಕು. ಆದ್ದರಿಂದ ನಿಮ್ಮ ಮೆಕ್ಯಾನಿಕ್ ಹೊಸ ರಿಂಗಿನ ಪೊಟ್ಟಣ ಬಿಚ್ಚುವ ಮೊದಲು ಏರ್ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಲು ಹೇಳಿ, ಅದು ಕೂರುವ ಅಂಚಿನ ಒಳಬದಿಯನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ದೂಳು ಹತ್ತಿದರೆ ಮೊದಲು ಬದಲಾಗಬೇಕಾದದ್ದು ಫಿಲ್ಟರ್.