ಬಿಲ್ಲು ಹಿಡಿದವನಿಗೆ ಜಿಂಕೆ ಯಾಕೆ ಸಿಗುವುದಿಲ್ಲ?



ಕಳೆದ ವಾರ ನಮ್ಮ ಕನ್ನಡ ಕಾರ್ಯಕ್ರಮ ಇನ್ನೇನು ಮುಗಿಯಬೇಕು ಎನ್ನುವಾಗ ಮಣಿನಗರದಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಮೂಲತಃ ತೀರ್ಥಹಳ್ಳಿ ಕಡೆಯವರು, ಅಹಮದಾಬಾದಿಗೆ ಬಂದು ನಲವತ್ತು ವರ್ಷ ದಾಟಿದೆ. ಅವರ ಅಕ್ಕನ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ಪಡೆದು ಬಿಲ್ಲುಬಾಣ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾನಂತೆ. ಮೂರು ವರ್ಷ ಹೋದ, ಮೂರು ವರ್ಷವೂ ಬರಿಗೈ. "ಅಲ್ಲಿ ಜಿಂಕೆಗೇನು ಬರವಾ ಮಾರಾಯ್ರೆ? ರಸ್ತೇಲಿ ಕಾರಿಗೇ ಅಡ್ಡ ಬರ್ತಾವಂತೆ. ಇವನ ಬಾಣಕ್ಕೆ ಮಾತ್ರ ಯಾಕೆ ಸಿಗಲ್ಲ?" ಅಂತ ಅವರ ಪ್ರಶ್ನೆ. ಅಷ್ಟರಲ್ಲಿ ನಮ್ಮ ಸಮಯ ಮುಗಿಯಿತು. ಉತ್ತರವನ್ನು ಇಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಮಿಷಿಗನ್‌ನಲ್ಲಿ ಬಿಲ್ಲಿನ ಬೇಟೆಯ ಮುಖ್ಯ ಅವಧಿ ಅಕ್ಟೋಬರ್ 1ರಿಂದ ನವೆಂಬರ್ 14. ಮಾರನೆಯ ದಿನದಿಂದ ಬಂದೂಕಿನವರ ಸರದಿ. ಒಂದೂವರೆ ತಿಂಗಳು ಎಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ಆದರೆ ಕೆಲಸಕ್ಕೆ ಹೋಗುವವನಿಗೆ ಸಿಗುವುದು ಶನಿವಾರ, ಭಾನುವಾರ. ಅದರಲ್ಲಿ ಒಂದು ದಿನ ಮಳೆ, ಒಂದು ದಿನ ತಪ್ಪು ದಿಕ್ಕಿನ ಗಾಳಿ, ಒಂದು ದಿನ ಮಗುವಿನ ಹುಟ್ಟುಹಬ್ಬ. ಕೊನೆಗೆ ಉಳಿಯುವುದು ನಾಲ್ಕೋ ಐದೋ ಬೆಳಗು.

ಇನ್ನು ಬಿಲ್ಲಿನ ಲೆಕ್ಕ ನೋಡಿ. ಬಂದೂಕಿನವನು ನೂರು ಗಜ ದೂರದಿಂದ ಹೊಡೆಯಬಲ್ಲ. ಬಿಲ್ಲಿನವನಿಗೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಗಜ. 1960ರ ದಶಕದಲ್ಲಿ ಅಮೆರಿಕದಲ್ಲಿ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲು ಬಂತು. ಹೆದೆಯನ್ನು ಪೂರ್ತಿ ಎಳೆದಾಗ ಕೈ ಮೇಲಿನ ಭಾರ ಬಹುಪಾಲು ಇಳಿಯುತ್ತದೆ, ತುಸು ಹೊತ್ತು ಹಾಗೇ ಹಿಡಿದು ಕಾಯಬಹುದು. ಅಷ್ಟಾದರೂ ಬಾಣದ ವೇಗ ಸೆಕೆಂಡಿಗೆ ಸುಮಾರು 280 ಅಡಿ. ಶಬ್ದದ ವೇಗ 1,100 ಅಡಿಗೂ ಹೆಚ್ಚು. ಮೂವತ್ತು ಗಜ ಎಂದರೆ 90 ಅಡಿ. ಬಿಟ್ಟ ಹೆದೆಯ 'ಟಂಗ್' ಸದ್ದು ಜಿಂಕೆಯ ಕಿವಿಗೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗದಲ್ಲಿ ಮುಟ್ಟುತ್ತದೆ. ಬಾಣ ಮುಟ್ಟುವುದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ನಡುವೆ ಸಿಗುವ ಕಾಲು ಸೆಕೆಂಡು ನಮಗೆ ಏನೂ ಅಲ್ಲ, ಜಿಂಕೆಗೆ ಅದೇ ಪ್ರಾಣ. ಓಡುವ ಮೊದಲು ಅದು ಕಾಲು ಮಡಚಿ ಮೈಯನ್ನು ಕೆಳಗೆ ತಗ್ಗಿಸುತ್ತದೆ, ಸ್ಪ್ರಿಂಗ್ ಅದುಮಿದ ಹಾಗೆ. ಎದೆಗೆ ಇಟ್ಟ ಗುರಿ ಬೆನ್ನ ಮೇಲಿನಿಂದ ಹಾರಿ ಹೋಗುತ್ತದೆ. ಬೇಟೆಗಾರ ಮನೆಗೆ ಬಂದು "ನನ್ನ ಕೈ ನಡುಗಿತು" ಎಂದು ಕೊರಗುತ್ತಾನೆ. ಕೈ ನಡುಗಿರುವುದಿಲ್ಲ, ಜಿಂಕೆಗೆ ಕೇಳಿಸಿರುತ್ತದೆ.

ಆದರೆ ಹೆದೆ ಎಳೆಯುವ ತನಕ ಬರುವುದೇ ಅಪರೂಪ. ಅದಕ್ಕೂ ಮೊದಲೇ ಆಟ ಕೆಡಿಸುವುದು ಗಾಳಿ. ಜಿಂಕೆಗೆ ಕಣ್ಣಿಗಿಂತ ಮೂಗಿನ ಮೇಲೆ ನಂಬಿಕೆ ಜಾಸ್ತಿ. ಮರದ ಮೇಲೆ ಅಟ್ಟಣಿಗೆ ಕಟ್ಟಿ ಕೂರುವುದು ಅದರ ನೋಟ ತಪ್ಪಿಸುವುದಕ್ಕಷ್ಟೇ ಅಲ್ಲ, ಮೈವಾಸನೆ ಅದರ ತಲೆಯ ಮೇಲಿನಿಂದ ತೇಲಿ ಹೋಗಲಿ ಎಂದು ಕೂಡ. ಗುಡ್ಡದ ಜಾಗದಲ್ಲಿ ಬೆಳಗಿನ ಜಾವದ ತಣ್ಣನೆಯ ಗಾಳಿ ಇಳಿಜಾರಿಗೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಅದೇ ಗಾಳಿ ಮೇಲಕ್ಕೇರುತ್ತದೆ. ಆರು ಗಂಟೆಗೆ ಸರಿಯಾಗಿದ್ದ ಜಾಗ ಒಂಬತ್ತಕ್ಕೆ ತಪ್ಪು. ನಮ್ಮ ಮಲೆನಾಡಿನಲ್ಲಿ ಹೀಗೆ ಹೊಂಚು ಕೂರುವುದಕ್ಕೆ 'ಮರಸು' ಎನ್ನುತ್ತಾರೆ. ಮರಸಿಗೆ ಕೂತವನು ಬೀಡಿ ಹಚ್ಚುವಂತಿಲ್ಲ, ಕೆಮ್ಮುವಂತಿಲ್ಲ, ಸೊಳ್ಳೆ ಕಚ್ಚಿದರೆ ಹೊಡೆಯುವಂತಿಲ್ಲ ಎಂದು ಹಿರಿಯರು ನೆನಪಿಸಿಕೊಂಡರು. ಮಿಷಿಗನ್ನಿನ ಹುಡುಗ ಕೂತಿರುವುದೂ ಮರಸಿಗೇ, ಹೆಸರು ಗೊತ್ತಿಲ್ಲ ಅಷ್ಟೆ.

ಫೋನ್ ಇಡುವ ಮುನ್ನ ಅವರು ಇನ್ನೊಂದು ಮಾತು ಹೇಳಿದರು, ಅದು ಪ್ರಸಾರವಾಗಲಿಲ್ಲ. ಅವರ ಅನುಮತಿ ಕೇಳಿ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದವರಿದ್ದಾಗ ಸೋದರಮಾವನ ಜೊತೆ ಮರಸಿಗೆ ಕೂತಿದ್ದರಂತೆ. 1972ರ ಕಾಯ್ದೆಗೆ ಎಷ್ಟೋ ಮುಂಚಿನ ಮಾತು. ಮಾವ ಕಡವೆಯೊಂದಕ್ಕೆ ಗುಂಡು ಹೊಡೆದರು, ಅದು ಬೀಳಲಿಲ್ಲ. ಲಾಟೀನು ಹಿಡಿದು ರಾತ್ರಿಯೆಲ್ಲ ರಕ್ತದ ಜಾಡು ಹುಡುಕಿದರು. ಹಳ್ಳದ ಹತ್ತಿರ ಜಾಡು ತಪ್ಪಿತು. ಮಾರನೆಯ ದಿನ ಶಾಲೆಗೆ ಹೋಗಲು ಮನಸ್ಸಾಗಲಿಲ್ಲವಂತೆ. "ಅವನು ಬರಿಗೈಲಿ ಬಂದರೆ ನನಗೆ ಬೇಜಾರಿಲ್ಲ. ಗಾಯ ಮಾಡಿ ಕಳಕೊಂಡು ಬಂದರೆ ಅಂತ ಭಯ" ಎಂದರು.

ಆ ಭಯ ಸುಳ್ಳಲ್ಲ. ಗುಂಡು ಪೆಟ್ಟಿನ ಆಘಾತದಿಂದಲೂ ಕೊಲ್ಲುತ್ತದೆ, ಬಾಣ ಕೊಲ್ಲುವುದು ರಕ್ತ ಸುರಿಸಿ. ಎದೆಗೂಡಿಗೆ ಸರಿಯಾಗಿ ಬಿದ್ದರೂ ಜಿಂಕೆ ನೂರು ಗಜ ಓಡಬಹುದು. ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಓಡಿ ಎಲ್ಲೋ ಮುದುಡಿ ಸಾಯುತ್ತದೆ. ಆದ್ದರಿಂದ ಪಳಗಿದವರು ಅರ್ಧ ಗಂಟೆಯಾದರೂ ಮರದ ಮೇಲೇ ಕಾದು, ಆಮೇಲೆ ಜಾಡು ಹಿಡಿಯುತ್ತಾರೆ. ಬಾಣ ಹೊಟ್ಟೆಗೆ ತಗುಲಿದ್ದರೆ ಹಲವು ಗಂಟೆ. ಇದಕ್ಕೇ ಒಳ್ಳೆಯ ಬಿಲ್ಲುಗಾರರು ಎದುರಿಗೆ ಬಂದ ಜಿಂಕೆಯನ್ನೂ ಎಷ್ಟೋ ಸಲ ಹೋಗಲು ಬಿಡುತ್ತಾರೆ: ಓರೆಯಾಗಿ ನಿಂತಿಲ್ಲ, ಕೊಂಬೆ ಅಡ್ಡ ಇದೆ, ಬೆಳಕು ಸಾಲದು. ಆ ಹುಡುಗ ಮೂರು ವರ್ಷ ಹೀಗೆ ಬಿಟ್ಟು ಬಂದಿದ್ದರೆ ಅವನನ್ನು ಸೋತವನೆಂದು ನಾನು ಕರೆಯಲಾರೆ. ದುಡುಕಿ ಬಿಟ್ಟ ಬಾಣ ಏನು ಮಾಡಿತೆಂದು ಪಾಂಡುರಾಜನನ್ನು ಕೇಳಿ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯ ಶಾಪದಿಂದಲೇ ಅವನ ಬದುಕು ಕೆಟ್ಟದ್ದು.

ಈಗ ವಡೋದರದ ಕೇಳುಗರು ಖುಷಿಪಡುವ ವಿಷಯ. ಕಲ್ಯಾಣದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಸಂಗೀತ, ಆನೆ, ಔಷಧ, ಆಟ, ಎಲ್ಲವೂ ಇರುವ ವಿಶ್ವಕೋಶ ಅದು. ರಾಜರ ವಿನೋದಗಳಲ್ಲಿ ಬೇಟೆಗೂ ಅಲ್ಲಿ ದೊಡ್ಡ ಜಾಗವಿದೆ. ಚೀತಾ ಬಿಟ್ಟು ಜಿಂಕೆ ಹಿಡಿಸುವ ಬೇಟೆಯ ಅತ್ಯಂತ ಹಳೆಯ ವಿವರ ಸಿಗುವುದು ಇದರಲ್ಲೇ ಎನ್ನುತ್ತಾರೆ. ಕನ್ನಡ ನಾಡಿನ ದೊರೆಯ ಈ ಗ್ರಂಥ ಮೂರು ಸಂಪುಟಗಳಲ್ಲಿ ಅಚ್ಚಾಗಿದ್ದು ನಮ್ಮ ಬರೋಡದಲ್ಲಿ, ಗಾಯಕವಾಡ್ ಓರಿಯಂಟಲ್ ಸೀರೀಸ್‌ನಲ್ಲಿ. ಮೊದಲ ಸಂಪುಟ ಬಂದದ್ದು 1925ರಲ್ಲಿ, ಸಯಾಜಿರಾವ್ ಮಹಾರಾಜರ ಕಾಲದಲ್ಲಿ. ಆ ಮಾಲೆ ಇಂದು ಎಂ.ಎಸ್. ವಿಶ್ವವಿದ್ಯಾಲಯದ ಓರಿಯಂಟಲ್ ಇನ್‌ಸ್ಟಿಟ್ಯೂಟ್‌ಗೆ ಸೇರಿದ್ದು. ಅದರ ಮುಂದೆ ದಿನವೂ ಸ್ಕೂಟರಿನಲ್ಲಿ ಹೋಗುವ ಎಷ್ಟು ಕನ್ನಡಿಗರಿಗೆ ಇದು ಗೊತ್ತೋ!

ಚೀತಾ ಯಾಕೆ ಬೇಕಾಯಿತು? ಇದಕ್ಕೂ ಉತ್ತರ ಹತ್ತಿರ ಸೇರುವ ಕಷ್ಟವೇ. ಕಾಡಿನಲ್ಲಾದರೆ ಮರೆ ಇದೆ. ಗುಜರಾತಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಮೈಲಿ ದೂರದಿಂದ ಮನುಷ್ಯನನ್ನು ಕಾಣುತ್ತದೆ. ನಮ್ಮ ಉತ್ತರ ಕರ್ನಾಟಕದವರ ಚಿಗರಿ, ಇಲ್ಲಿಯವರ 'ಕಾಳಿಯಾರ್' ಇದೇ. ಇಲ್ಲಿ ಬಿಲ್ಲುಗಾರ ಬಿಲ್ಲು ಕೆಳಗಿಟ್ಟು ಮನೆಗೆ ಹೋಗಬೇಕು. ರಾಜರು ಚೀತಾದ ಕಣ್ಣಿಗೆ ಪಟ್ಟಿ ಕಟ್ಟಿ ಎತ್ತಿನ ಗಾಡಿಯಲ್ಲಿ ಕೂರಿಸಿ ಒಯ್ಯುತ್ತಿದ್ದರು. ದಿನವೂ ಕಾಣುವ ರೈತನ ಗಾಡಿಗೆ ಚಿಗರಿ ಹೆದರುವುದಿಲ್ಲ! ಹತ್ತಿರ ಹೋದ ಮೇಲೆ ಪಟ್ಟಿ ಬಿಚ್ಚುವುದು. ಭಾವನಗರದ ರಾಜರು ನಮ್ಮ ದೇಶದ ಚೀತಾಗಳು ಸಿಗದಾದಾಗ ಆಫ್ರಿಕಾದಿಂದ ತರಿಸಿಕೊಂಡರು. ಹಳಗನ್ನಡದಲ್ಲಿ 'ದೀವ' ಎಂಬ ಪದವಿದೆ. ಕಾಡಿನ ಮೃಗವನ್ನು ಸೆಳೆಯಲು ಪಳಗಿಸಿ ಬಿಡುವ ಮೃಗ ಅದು. ಗಾಡಿಯಾಗಲಿ ದೀವವಾಗಲಿ, ಮನುಷ್ಯ ತನ್ನ ಕಾಲಿನಿಂದ ಆಗದ್ದನ್ನು ಉಪಾಯದಿಂದ ಮಾಡಿದ.

ಸೂರತ್‌ನ ಒಬ್ಬ ಯುವಕ ಎಸ್‌ಎಂಎಸ್‌ನಲ್ಲಿ ಕೇಳಿದ್ದಾರೆ: ಬರೀ ಬಿಲ್ಲಾದರೆ ಇಲ್ಲಿಯೂ ಪ್ರಯತ್ನ ಮಾಡಬಹುದಲ್ಲವೇ, ಡಾಂಗ್‌ನಲ್ಲಿ ಕಾಡಿದೆಯಲ್ಲ? ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬಿಲ್ಲು ಬಂದೂಕು ಎಂಬ ಭೇದವಿಲ್ಲ. ಅದರ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಗಾಯ ಮಾಡುವುದು, ಬಲೆ ಒಡ್ಡುವುದು, ಇವಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಗುರಿ ತಪ್ಪಿದ ಬಾಣಕ್ಕೂ ಕೇಸು! ಕೃಷ್ಣಮೃಗ ಮೊದಲನೆಯ ಪರಿಚ್ಛೇದದಲ್ಲಿದೆ, ಅದನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. ಊರಿನ ಹಳೆ ಮನೆಯ ಗೋಡೆಯ ಕೊಂಬನ್ನು ನೆನಪಿಗೆಂದು ಇಲ್ಲಿಗೆ ತರುವುದೂ ಬೇಡ. ಕರ್ನಾಟಕದಲ್ಲಿ 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ಎಷ್ಟು ಜನರ ನಿದ್ದೆ ಕೆಡಿಸಿತೆಂದು ನೋಡಿದ್ದೀರಿ.

ಹತ್ತಿರ ಸೇರುವ ಆಸೆ ಇದ್ದವರಿಗೆ ವೇಳಾವದರ್ ಇದೆ. ಭಾವನಗರದ ರಾಜರ ಅದೇ ಬೇಟೆಯ ಹುಲ್ಲುಗಾವಲು, 1976ರಿಂದ ರಾಷ್ಟ್ರೀಯ ಉದ್ಯಾನ, ಅಹಮದಾಬಾದಿನಿಂದ ಸುಮಾರು 140 ಕಿ.ಮೀ. ಮಳೆಗಾಲದಲ್ಲಿ, ಜೂನ್ 16ರಿಂದ ಅಕ್ಟೋಬರ್ 15ರವರೆಗೆ, ಬಾಗಿಲು ಮುಚ್ಚಿರುತ್ತದೆ. ಅಂದರೆ ಮಿಷಿಗನ್ನಿನ ಹುಡುಗ ಮರ ಹತ್ತಿ ಹದಿನೈದು ದಿನಕ್ಕೆ ನಮ್ಮ ಬಾಗಿಲೂ ತೆರೆಯುತ್ತದೆ. ಬೆಳಗ್ಗೆ ಬೇಗ ಹೋಗಿ. ವಾಹನದಿಂದ ಇಳಿಯಬೇಡಿ, ಇಂದು ಚಿಗರಿಗೆ ಅದೇ ಎತ್ತಿನ ಗಾಡಿ. ಸೂರತ್‌ನವರಿಗೆ 2020ರ ನವೆಂಬರ್‌ನಲ್ಲಿ ಹಜೀರಾದಿಂದ ಘೋಘಾಕ್ಕೆ ಹಡಗು ಶುರುವಾಗಿತ್ತು. ವೇಳಾಪಟ್ಟಿ ವಿಚಾರಿಸಿಕೊಂಡು ಹೊರಡಿ.

ಹಿರಿಯರು ಇದನ್ನೆಲ್ಲ ಅಕ್ಕನ ಮಗನಿಗೆ ಓದಿ ಹೇಳುತ್ತೇನೆ ಎಂದಿದ್ದಾರೆ. ಮರಸು, ದೀವದಂಥ ಬೇಟೆಯ ಪದಗಳು ನಿಮ್ಮ ಊರಿನ ಕಡೆ ಇನ್ನೂ ಇದ್ದರೆ, ಊರಿನ ಹೆಸರಿನೊಂದಿಗೆ ಬರೆದು ಕಳಿಸಿ. ಮುಂದಿನ ವಾರದ ಕಾರ್ಯಕ್ರಮದಲ್ಲಿ ಓದುತ್ತೇವೆ.