ಹಳೆಯ ಎಸ್‌ಯುವಿ: ಕೊಳ್ಳುವ ಬೆಲೆ ಒಂದು, ಓಡಿಸುವ ಖರ್ಚು ಇನ್ನೊಂದು

ಸಂಡೂರು, ಕಂಪ್ಲಿ ಸಂತೆಗಳಲ್ಲಿ ಬಟ್ಟೆ ವ್ಯಾಪಾರ ಮಾಡುವ ನಮ್ಮ ಮಾಮು ಕಳೆದ ವರ್ಷ ಒಂದು ಹಳೆಯ ಡೀಸೆಲ್ ಎಸ್‌ಯುವಿ ಕೊಂಡರು. ಗಾಡಿ ತೊಳೆದು ಪಾಲಿಶ್ ಹಾಕಿ ಫಳಫಳ ಹೊಳೆಯುತ್ತಿತ್ತು. ಬೆಲೆಯೂ ಕಡಿಮೆ ಅನ್ನಿಸಿತು. ಮೂರು ತಿಂಗಳೊಳಗೆ ಕ್ಲಚ್‌ಗೆ 18,000, ಟರ್ಬೊಗೆ 38,000, ಮುಂದಿನ ಸಸ್ಪೆನ್ಷನ್‌ಗೆ 14,000, ರೇಡಿಯೇಟರ್‌ಗೆ 9,500 ರೂಪಾಯಿ ಹೋಯಿತು. ಒಟ್ಟು 79,500. ಆ ಹಣ ಅವರ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟಿದ್ದು. ಕೊನೆಗೆ ಮನೆಯ ಬಂಗಾರ ಅಡವಿಟ್ಟು ಶುಲ್ಕ ಕಟ್ಟಬೇಕಾಯಿತು.

ನಮ್ಮಲ್ಲಿ ಅನೇಕರ ಮನೆಯಲ್ಲಿ ಇಂಥ ಗಾಡಿ ಇದೆ, ಅಥವಾ ಕೊಳ್ಳುವ ಮಾತು ನಡೆದಿದೆ. ಆದ್ದರಿಂದ ಈ ಗಾಡಿಗಳಲ್ಲಿ ಏನು ಕೆಡುತ್ತದೆ, ಏಕೆ ಕೆಡುತ್ತದೆ, ಎಷ್ಟು ಖರ್ಚಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಯಾವ ಗಾಡಿ, ಯಾವ ರಚನೆ

ನಮ್ಮ ಕಡೆ ಹೆಚ್ಚಾಗಿ ಕೈಬದಲಾಗುವ ಮಧ್ಯಮ ಗಾತ್ರದ ಎಸ್‌ಯುವಿಗಳೆಂದರೆ 2002ರಲ್ಲಿ ಬಂದ ಸ್ಕಾರ್ಪಿಯೊ, 2012ರಲ್ಲಿ ಬಂದ ಡಸ್ಟರ್, 2015ರಲ್ಲಿ ಬಂದ ಕ್ರೆಟಾ ಮುಂತಾದವು. ಸ್ಕಾರ್ಪಿಯೊದ ಬಾಡಿ ಲಾರಿಯಂತೆ ಪ್ರತ್ಯೇಕ ಚಾಸಿ ಮೇಲೆ ಕೂತಿರುತ್ತದೆ. ಒರಟು ರಸ್ತೆಗೆ ಒಳ್ಳೆಯದು, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ಡಸ್ಟರ್, ಕ್ರೆಟಾಗಳಲ್ಲಿ ಬಾಡಿ ಮತ್ತು ಚಾಸಿ ಒಂದೇ. ಪ್ರಯಾಣ ಹಿತವಾಗಿರುತ್ತದೆ. ಆದರೆ ಅಪಘಾತವಾಗಿ ಬಾಡಿ ತಿರುಚಿದ್ದರೆ ಸರಿಪಡಿಸುವುದು ಕಷ್ಟ.

ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಡಸ್ಟರ್‌ನ 1.5 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ನಡೆಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಕಂಪನಿ ಹೇಳಿದ ಅವಧಿಗೆ ಅದನ್ನು ಬದಲಿಸಲೇಬೇಕು. ಬದಲಿಸಲು 8 ರಿಂದ 15 ಸಾವಿರ ಸಾಕು. ಬಿಟ್ಟರೆ ಒಂದು ದಿನ ಓಡುವಾಗಲೇ ಬೆಲ್ಟ್ ತುಂಡಾಗಿ, ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಗ ಎಂಜಿನ್ ಬಿಚ್ಚಲೇಬೇಕು, ಲೆಕ್ಕ ಲಕ್ಷದ ಹತ್ತಿರ ಹೋಗಬಹುದು. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು.

ಸಂಡೂರಿನ ಧೂಳು

ಸಂಡೂರು ಬೆಟ್ಟಗಳ ಕಬ್ಬಿಣದ ಅದಿರು ಹೆಮಟೈಟ್. ಅದಿರು ಲಾರಿಗಳ ಹಿಂದೆ ಹೋಗುವ ಗಾಡಿಯ ಏರ್ ಫಿಲ್ಟರ್ ಬೇಗನೆ ಕೆಂಪಾಗಿ ಕಟ್ಟಿಕೊಳ್ಳುತ್ತದೆ. ಫಿಲ್ಟರಿನ ಬೆಲೆ 400 ರಿಂದ 900 ರೂಪಾಯಿ. ಅದನ್ನು ಉಳಿಸಲು ಹೋದರೆ ಸಂದಿಯಿಂದ ನುಗ್ಗಿದ ಧೂಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಎಲೆಗಳನ್ನು ಸವೆಸುತ್ತದೆ, ಮುಂದೆ ಹೋಗಿ ಸಿಲಿಂಡರ್ ಗೋಡೆಯನ್ನೂ ಉಜ್ಜುತ್ತದೆ. ಟರ್ಬೊ ಬದಲಿಸಲು 25 ರಿಂದ 50 ಸಾವಿರ. ಎಂಜಿನ್ ಬೋರ್ ಕೆಲಸಕ್ಕೆ ಬಂದರೆ ಲಕ್ಷ ದಾಟಬಹುದು.

ಘಟ್ಟದ ಏರಿನಲ್ಲಿ ಲಾರಿಗಳ ಹಿಂದೆ ಅರ್ಧ ಕ್ಲಚ್ ಹಿಡಿದು ತೆವಳುವುದರಿಂದ ಕ್ಲಚ್ ಪ್ಲೇಟ್ ಸವೆಯುತ್ತದೆ. ಗುಂಡಿ ರಸ್ತೆಗಳು ಬಾಲ್ ಜಾಯಿಂಟ್, ಲೋವರ್ ಆರ್ಮ್, ಬುಷ್‌ಗಳನ್ನು ಸಡಿಲಗೊಳಿಸುತ್ತವೆ. ಸ್ಟೇರಿಂಗ್ ಒಂದು ಕಡೆ ಎಳೆದರೆ, ಗುಂಡಿಯಲ್ಲಿ ಕಟಕಟ ಸದ್ದು ಬಂದರೆ ಅದೇ ಸೂಚನೆ.

ಹೊಸಪೇಟೆಯ ಬಿಸಿಲು, ಬೋರ್‌ವೆಲ್ ನೀರು

ನಮ್ಮಲ್ಲಿ ಬಹಳ ಮಂದಿ ಕೂಲೆಂಟ್ ಬದಲು ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುತ್ತಾರೆ. ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಗಡಸು ನೀರಿನ ಪಾಠ ಓದಿದವರಿಗೆ ಫಲ ಗೊತ್ತಿರಬೇಕು. ಕಾಯಿಸಿದಾಗ ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾರ್ಬನೇಟ್ ಆಗಿ ತಳಕ್ಕೆ ಕೂರುತ್ತದೆ. ಮನೆಯ ಹಂಡೆಯೊಳಗೆ ಬಿಳಿಯಾಗಿ ಕಟ್ಟಿಕೊಳ್ಳುವುದೂ ಇದೇ. ರೇಡಿಯೇಟರಿನ ಸಣ್ಣ ಕೊಳವೆಗಳು ಹೀಗೆ ಮುಚ್ಚಿಹೋದರೆ ಬೇಸಿಗೆಯಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಕೂಲೆಂಟ್‌ಗೆ ಒಂದೆರಡು ಸಾವಿರ, ರೇಡಿಯೇಟರ್‌ಗೆ 8 ರಿಂದ 15 ಸಾವಿರ, ಹೆಡ್ ಗ್ಯಾಸ್ಕೆಟ್ ಕೆಲಸಕ್ಕೆ 25 ಸಾವಿರಕ್ಕೂ ಮೇಲೆ.

ಕಂಪ್ಲಿಯ ನೀರು

ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದನ್ನು ನಾವೆಲ್ಲ ನೋಡಿದ್ದೇವೆ. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲೇಬಾರದು. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಆ ಹಟದಲ್ಲಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೊಳ್ಳುವ ಗಾಡಿ ನೀರಿಗೆ ಸಿಕ್ಕಿತ್ತೋ ಎಂದು ತಿಳಿಯಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಮ್ಯಾಟ್ ಎತ್ತಿ ಮುಗ್ಗಲು ವಾಸನೆ, ಸೀಟಿನ ಬೋಲ್ಟ್‌ಗಳ ತುಕ್ಕು ಗಮನಿಸಿ.

ಹಂಪಿಯ ಕಿಲೋಮೀಟರ್

ಪ್ರವಾಸಿಗರನ್ನು ಸುತ್ತಿಸಿದ ಗಾಡಿ ಬಹಳ ಓಡಿರುತ್ತದೆ, ಎಸಿ ಹಾಕಿಕೊಂಡು ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ನಡೆದಿರುತ್ತದೆ. ನಿಂತ ಗಂಟೆಗಳು ಮೀಟರಿನಲ್ಲಿ ಕಾಣುವುದಿಲ್ಲ. ಜತೆಗೆ ಮೀಟರ್ ತಿರುಗಿಸುವವರೂ ಇದ್ದಾರೆ. 60 ಸಾವಿರ ಕಿಲೋಮೀಟರ್ ಎಂದು ಮೀಟರ್ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಪೆಡಲನ್ನೇ ನಂಬಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಟೈರ್ ಬದಲಿಸಲು 28 ರಿಂದ 40 ಸಾವಿರ ಬೇಕು.

ಡೀಸೆಲ್ ಎಂಜಿನ್‌ನ ಇಂಜೆಕ್ಟರ್‌ಗಳದು ಬೇರೆ ಲೆಕ್ಕ. ಅವು ವಾಯುಮಂಡಲದ ಒತ್ತಡಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ ಡೀಸೆಲ್ ಸಿಂಪಡಿಸುತ್ತವೆ. ಕೊಳಕು ಡೀಸೆಲ್, ಬದಲಿಸದ ಡೀಸೆಲ್ ಫಿಲ್ಟರ್ ಎರಡೂ ಅವಕ್ಕೆ ಶತ್ರು. ಹೊಸದು ಒಂದಕ್ಕೇ 15 ರಿಂದ 25 ಸಾವಿರ, ಅಂಥವು ನಾಲ್ಕಿರುತ್ತವೆ.

ಇಲ್ಲಿ ಹೇಳಿದ ದರಗಳೆಲ್ಲ ಅಂದಾಜು. ಮಾಡೆಲ್, ಬಿಡಿಭಾಗದ ಗುಣಮಟ್ಟ, ಗ್ಯಾರೇಜಿನ ಕೂಲಿ ನೋಡಿ ಹೆಚ್ಚು ಕಡಿಮೆ ಆಗುತ್ತವೆ.

ನೋಡುವ ಕ್ರಮ

1. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟಿಂಗ್ ದೋಷವನ್ನು ಮುಚ್ಚಿಡುತ್ತದೆ.

2. ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು.

3. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಜೋರಾಗಿ ಗಾಳಿ, ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ಮುಟ್ಟಬೇಡಿ.

4. ಏರಿನಲ್ಲಿ ಓಡಿಸಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

5. ನಿಮ್ಮ ನಂಬಿಕೆಯ ಉಸ್ತಾದರನ್ನು ಕರೆದೊಯ್ದು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಅವರಿಗೆ ಕೊಡುವ ಸಾವಿರ ರೂಪಾಯಿ ನಷ್ಟವಲ್ಲ.

6. ಆರ್‌ಸಿ, ವಿಮೆ, ಸಾಲದ ನಮೂದು ನೋಡಿ. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರ್ಮ್ 35 ಬೇಕು. ರಾಜ್ಯದೊಳಗಿನ ಗಾಡಿಯಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ವರ್ಗಾವಣೆ ಮಾರುವವರ ರಕ್ಷಣೆಗೂ ಬೇಕು.

ಮಾರುವವರಿಗೂ ಒಂದು ಮಾತು

ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಒದ್ದೆಯಾದದ್ದನ್ನು ಜನ ನೋಡುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದರೆಂಬ ಹದೀಸ್ ನಾವು ಕೇಳಿದ್ದೇವೆ. ಪಾಲಿಶ್ ಕೆಳಗೆ ಸವೆದ ಟರ್ಬೊ ಅಡಗಿಸುವುದೂ ಅದೇ ಒದ್ದೆ ಧಾನ್ಯ. ಮುಚ್ಚಿಟ್ಟ ದೋಷ ಕಂಡರೆ ಸರಕು ಹಿಂದಿರುಗಿಸುವ ಹಕ್ಕನ್ನು ಇಸ್ಲಾಮೀ ನ್ಯಾಯಶಾಸ್ತ್ರ ಕೊಂಡವನಿಗೆ ಕೊಟ್ಟಿದೆ. ನಮ್ಮ ಮನೆಯ ಗಾಡಿ ಮಾರುವ ದಿನ ಬಂದಾಗ ಅದರ ದೋಷಗಳನ್ನು ಚೀಟಿಯಲ್ಲಿ ಬರೆದು ಕೊಡೋಣ. ಬೆಲೆ ಸ್ವಲ್ಪ ತಗ್ಗಬಹುದು, ಮಾತು ಉಳಿಯುತ್ತದೆ.

ಕೊಳ್ಳುವವರು ಲೆಕ್ಕವನ್ನು ಹೀಗೆ ಹಾಕಿ: ಕೈಯಲ್ಲಿ 5 ಲಕ್ಷವಿದ್ದರೆ 4 ಲಕ್ಷದ ಗಾಡಿ ನೋಡಿ. ಉಳಿದ ಒಂದು ಲಕ್ಷ ಮೊದಲ ವರ್ಷದ ರಿಪೇರಿ, ಟೈರ್, ವಿಮೆಗೆ ಇರಲಿ. ಯಾರ ಓದಿನ ಹಣವೂ ಗ್ಯಾರೇಜಿಗೆ ಹೋಗುವಂತಾಗಬಾರದು.